ಜಿಗಿಮಂಚದ ಮೇಲೆ ಒಬ್ಬರೇ

"ಬೀಳದ ಮಗುವಿನ ಕಾಲು ಮುರಿಯೋದು ಅಂದ್ರೆ ಹೇಗೆ?"

ಹಿತ್ತಲಿನಲ್ಲಿ ನಿಂತು ಹಾಸಿಗೆಯವ ಕೇಳಿದ. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಗೋಡೆಯ ಮೇಲೆ ಒಂದು ಬೆಕ್ಕಿತ್ತು. ಈ ಪ್ರಶ್ನೆ ತನಗಲ್ಲ ಎಂಬಂತೆ ಅದೂ ಮುಖ ತಿರುಗಿಸಿಕೊಂಡಿತು.

ಹಾಸಿಗೆಯವ ಎಂದೇ ಅವನನ್ನು ಬೀದಿಯವರು ಕರೆಯುವುದು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಹತ್ತಿಯ ಮೂಟೆ, ಗವಸಿನ ಬಟ್ಟೆಯ ಸುರುಳಿ, ಗೇಣುದ್ದದ ಸೂಜಿ, ಎಷ್ಟು ಗುಡಿಸಿದರೂ ಮೂಲೆಯಲ್ಲಿ ಉಳಿಯುವ ಹತ್ತಿಯ ಎಳೆ. ಅದರ ಹಿಂದೆ ಅಡುಗೆಮನೆ, ಅಡುಗೆಮನೆಯ ಹಿಂದೆ ಒಂದು ಚೂರು ಹಿತ್ತಲು. ಆ ಹಿತ್ತಲಿಗೆ ಹೊಸದಾಗಿ ಒಂದು ಟ್ರ್ಯಾಂಪೊಲಿನ್ ಬಂದಿತ್ತು. ಕಬ್ಬಿಣದ ದೊಡ್ಡ ಬಳೆ, ಬಳೆಯ ಸುತ್ತ ಸ್ಪ್ರಿಂಗುಗಳು, ನಡುವೆ ಬಿಗಿದು ಕಟ್ಟಿದ ಕಪ್ಪು ಬಟ್ಟೆ. ಮಕ್ಕಳು ಅದಕ್ಕೆ ಜಿಗಿಮಂಚ ಎಂದು ಹೆಸರಿಟ್ಟಿದ್ದರು. ತಂದುಕೊಟ್ಟವನು ಅವರ ಸೋದರಮಾವ. ಬೇಕರಿ ಇಟ್ಟುಕೊಂಡವನು, ಮೈಯೂ ದೊಡ್ಡದು, ಮನಸ್ಸೂ ದೊಡ್ಡದು.

ಜಿಗಿಮಂಚದ ಜೊತೆಗೆ ಕೆಲವು ಕಂಬಗಳೂ ಒಂದು ಬಲೆಯೂ ಬಂದಿದ್ದವು. "ಮಂಚಕ್ಕೆ ಯಾರಾದ್ರೂ ಬೇಲಿ ಹಾಕ್ತಾರಾ?" ಎಂದು ನಕ್ಕು ಹಾಸಿಗೆಯವ ಅವನ್ನು ಅಟ್ಟಕ್ಕೆ ಸೇರಿಸಿದ್ದ. ಸ್ಪ್ರಿಂಗುಗಳ ಮೇಲೆ ಹೊದಿಸುವ ಪಟ್ಟಿಯನ್ನು ಎರಡು ಬೆರಳಲ್ಲಿ ಹಿಚುಕಿ ನೋಡಿ, "ಇದಕ್ಕೆ ತುಂಬಿಕೆ ಅಂತಾರಾ!" ಎಂದು ಬಿಚ್ಚಿ, ಒಳ್ಳೆಯ ಫೋಮು ತುಂಬಿ, ತಾನೇ ಹೊಲಿದು ಬಿಗಿದಿದ್ದ. ಬಲೆಯ ಬದಲಿಗೆ ಸುತ್ತಲೂ ನೆಲಕ್ಕೆ ಹಾಸಿಗೆ ಹಾಸಿದ್ದ. ಮಕ್ಕಳು ಯಾವ ಕಡೆ ಬಿದ್ದರೂ ಮೆತ್ತಗೆ ಬೀಳಬೇಕು, ಅಷ್ಟೇ ತಾನೇ? ಮೆತ್ತನೆಯ ವಿಷಯದಲ್ಲಿ ತನಗೆ ಪಾಠ ಹೇಳುವವರು ಯಾರಿದ್ದಾರೆ ಎಂದು ಅವನಿಗೆ ಒಳಗೊಳಗೇ ಹೆಮ್ಮೆ.

ಈಗ ಅವನು ಒಂದೊಂದೇ ಹಾಸಿಗೆಯ ಮೇಲೆ ಅಂಗೈ ಸವರುತ್ತಿದ್ದ. ಹಾಸಿಗೆಯ ಮೇಲೆ ಎಲ್ಲಿ ಬಿದ್ದರು, ಮೊಣಕೈ ಊರಿದರೋ ಸೊಂಟ ಊರಿದರೋ ಎಂಬುದನ್ನು ಅವನ ಕೈ ಹೇಳಬಲ್ಲದು. ಸುತ್ತಿ ಬಂದು ಮತ್ತೆ ಸುತ್ತಿದ. ಎಲ್ಲೂ ಒಂದು ಕುಳಿ ಇಲ್ಲ. ಅಂದರೆ ಚಿಕ್ಕ ಮಗಳು ಹೊರಗೆ ಬಿದ್ದಿಲ್ಲ. ಅವನೇ ಕಣ್ಣಾರೆ ನೋಡಿದ್ದನಲ್ಲ, ಅವಳು ಬಿದ್ದಿರಲೇ ಇಲ್ಲ. ಆದರೂ ಒಳಗಿನ ಕೋಣೆಯಲ್ಲಿ ಅವಳು ತೊಡೆಯಿಂದ ಪಾದದವರೆಗೆ ಬಿಳಿ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಾಳೆ. ಇನ್ನೂ ಆರು ತುಂಬದ ಮಗು.

ನಡೆದದ್ದು ಇಷ್ಟು. ಆ ಮನೆಯಲ್ಲಿ ಒಂದು ರೂಢಿ ಇತ್ತು. ಹೊಸ ಹಾಸಿಗೆ ಹೊಲಿದು ಮುಗಿದರೆ, ಅದರ ಮೇಲೊಂದು ಹಳೆ ದುಪ್ಪಟಿ ಹಾಸಿ, ಅಪ್ಪನೂ ಇಬ್ಬರು ಹೆಣ್ಣುಮಕ್ಕಳೂ ಒಟ್ಟಿಗೆ ಹತ್ತಿ ಕುಣಿಯುವುದು. ಭಾರದವರೂ ಹಗುರದವರೂ ಸೇರಿ ಕುಣಿದರೆ ಹತ್ತಿ ಎಲ್ಲಿ ಗಂಟುಕಟ್ಟಿದೆ, ಎಲ್ಲಿ ಪೊಳ್ಳಾಗಿದೆ ಎಂಬುದು ಅಂಗಾಲಿಗೆ ತಿಳಿಯುತ್ತದೆ. ಮಕ್ಕಳಿಗೆ ಅದೇ ಆಟ, ಅಪ್ಪನಿಗೆ ಅದೇ ಪರೀಕ್ಷೆ. ಎಷ್ಟು ಹಾಸಿಗೆಗಳ ಮೇಲೆ ಹಾಗೆ ಕುಣಿದಿದ್ದರೋ, ಒಂದು ದಿನವೂ ಯಾರಿಗೂ ಉಗುರು ಸಹ ಕಿತ್ತಿರಲಿಲ್ಲ.

ಹಿಂದಿನ ದಿನ ಸಂಜೆ ಜಿಗಿಮಂಚಕ್ಕೂ ಅದೇ ಪರೀಕ್ಷೆ ನಡೆಯಿತು. ಮೂವರೂ ಹತ್ತಿದರು. ಅಪ್ಪ ಒಂದು ಅಂಚಿನಲ್ಲಿ, ಹತ್ತು ವರ್ಷದ ದೊಡ್ಡವಳು ನಡುವೆ, ಚಿಕ್ಕವಳು ಅವಳ ಪಕ್ಕ. ಸ್ಪ್ರಿಂಗು ಕಿರ್ರೆಂದಿತು, ಮಕ್ಕಳು ಕೇಕೆ ಹಾಕಿದರು, ಅಪ್ಪನೂ ನಕ್ಕ. ಆ ನಗುವಿನ ನಡುವೆಯೇ ಚಿಕ್ಕವಳು ಒಮ್ಮೆ ಕಿರುಚಿ ಕುಳಿತುಬಿಟ್ಟಳು. ಬೀಳಲಿಲ್ಲ. ಉರುಳಲಿಲ್ಲ. ಕುಳಿತವಳು ಏಳಲಿಲ್ಲ.

"ಏನಾಯ್ತು ಬಂಗಾರ?"

"ಮಂಚ ನನ್ನ ಹೊಡೀತು," ಎಂದಳು ಅಳುತ್ತಾ.

"ಮಂಚ ಹೊಡೆಯುತ್ತಾ! ಎಲ್ಲಿ, ನಾನು ಅದಕ್ಕೆ ಎರಡು ಹೊಡೀತೀನಿ," ಎಂದು ಅವನು ಕಪ್ಪು ಬಟ್ಟೆಯ ಮೇಲೆ ಪಟಪಟ ಬಡಿದ. ಅವಳು ನಗಲಿಲ್ಲ. ನಿಲ್ಲಿಸಲು ನೋಡಿದರೆ ಕಾಲೂರದೆ ಅವನ ಕುತ್ತಿಗೆಗೆ ಜೋತುಬಿದ್ದಳು. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಉಳುಕಿರುತ್ತೆ, ಎಣ್ಣೆ ಹಚ್ಚಿ ತಿಕ್ಕಿ," ಎಂದಳು. ತಿಕ್ಕಲು ಹೋದರೆ ಮಗು ಮನೆ ಮಾಳಿಗೆ ಹಾರುವಂತೆ ಅತ್ತಿತು. ಆಮೇಲೆ ಆಸ್ಪತ್ರೆ.

ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಮೊಣಕಾಲಿನ ಕೆಳಗೆ, ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು. "ಎಲ್ಲಿಂದ ಬಿದ್ದಳು?" ಎಂದರು. ಹಾಸಿಗೆಯವ ಬಾಯಿ ತೆರೆಯುವ ಮೊದಲೇ ಹೆಂಡತಿ, "ಹಿತ್ತಲಲ್ಲಿ ಆಡ್ತಾ ಬಿದ್ದಳು ಸಾರ್," ಎಂದುಬಿಟ್ಟಳು. ಬೀಳದೆ ಮುರಿಯಿತು ಎಂದರೆ ನಾವೇ ಹೊಡೆದೆವು ಅಂದುಕೊಂಡಾರು ಎಂಬ ಹೆದರಿಕೆ. ಡಾಕ್ಟರು ಮತ್ತೆ ಕೇಳಲಿಲ್ಲ. ಪ್ಲಾಸ್ಟರ್ ಕೋಣೆಗೆ ಚೀಟಿ ಬರೆದುಕೊಟ್ಟರು.

ಮನೆಗೆ ಬಂದ ಮೇಲೆ ಆ ಪ್ರಶ್ನೆ ಮನೆಯೊಳಗೇ ತಿರುಗಾಡತೊಡಗಿತು. ಬಿದ್ದಿಲ್ಲ, ಸರಿ. ತಗುಲಿಲ್ಲ, ಸರಿ. ಹಾಗಿದ್ದರೆ ಯಾರೋ ಏನೋ ಮಾಡಿರಬೇಕು. ಪಕ್ಕದಲ್ಲಿದ್ದವಳು ಯಾರು?

"ನೀನು ಅವಳನ್ನ ತಳ್ಳಿದ್ಯಾ?" ಎಂದು ಹಾಸಿಗೆಯವ ದೊಡ್ಡವಳನ್ನು ಕೇಳಿದ.

"ಇಲ್ಲಪ್ಪ."

"ಕಾಲಿಗೆ ಕಾಲು ಕೊಟ್ಯಾ?"

"ಇಲ್ಲಪ್ಪ. ನಾನು ಮುಟ್ಟೇ ಇಲ್ಲ."

"ಮುಟ್ಟದೇ ಇದ್ರೆ ಮೂಳೆ ತಾನಾಗೇ ಬಿರುಕು ಬಿಡ್ತಾ? ನಿಜ ಹೇಳು, ಬೈಯಲ್ಲ."

ಬೈಯಲ್ಲ ಎಂದವನ ದನಿಯಲ್ಲಿ ಬೈಗುಳವೇ ತುಂಬಿತ್ತು. ಹುಡುಗಿ ಅಂಗಡಿಯ ಕತ್ತರಿಸುವ ಮೇಜಿನ ಕೆಳಗೆ, ಹತ್ತಿಯ ಮೂಟೆಗೆ ಬೆನ್ನು ಕೊಟ್ಟು ಕುಳಿತಳು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು. ತಂಗಿಯ ಹತ್ತಿರ ಹೋಗು ಎಂದರೆ, "ನಾನು ಹೋಗಲ್ಲ, ಮತ್ತೇನಾದ್ರೂ ಆದ್ರೆ ನನ್ನ ಮೇಲೇ ಬರುತ್ತೆ," ಎಂದಳು. ಆ ಮಾತು ಕೇಳಿ ತಾಯಿ ಗಂಡನ ಬಳಿ ಬಂದಳು.

"ರೀ, ಅವಳು ಸುಳ್ಳು ಹೇಳೋ ಮಗು ಅಲ್ಲ."

"ಹಾಗಂತ ನನಗೆ ಗೊತ್ತಿಲ್ವಾ? ಆದ್ರೆ ಬೇರೆ ಯಾರೇ? ದೆವ್ವಾನಾ?"

ಅವನಿಗೆ ಸಿಟ್ಟಿಗಿಂತ ಗೊಂದಲವೇ ಹೆಚ್ಚು. ಒಬ್ಬ ಮಗಳ ಕಾಲು ಮುರಿದಿದೆ, ಅದು ಕೂಡುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಇನ್ನೊಬ್ಬಳಲ್ಲಿ ಏನೋ ಮುರಿಯುತ್ತಿದೆ, ಅದನ್ನು ಯಾರಿಗೆ ತೋರಿಸುವುದು? ಸೂಜಿಗೆ ದಾರ ಪೋಣಿಸಲು ಕುಳಿತರೆ ಕಣ್ಣು ಮೇಜಿನ ಕೆಳಗಿನ ಆ ಪುಟ್ಟ ಪಾದಗಳ ಕಡೆಗೇ ಹೋಗುತ್ತಿತ್ತು.

ಅಂಥ ಹೊತ್ತಿನಲ್ಲಿ ದಿಂಬು ಒಯ್ಯಲು ಬಂದವಳು ಪ್ಲಾಸ್ಟರ್ ಕೋಣೆಯ ನರ್ಸ್. ಅದೇ ಬೀದಿಯ ಕೊನೆಯ ಮನೆಯವಳು. ಅವಳೇ ಚಿಕ್ಕವಳ ಕಾಲಿಗೆ ಪಟ್ಟಿ ಸುತ್ತಿದವಳು.

"ಹೇಗಿದ್ದಾಳೆ ನಮ್ಮ ಬಿಳಿ ಬೂಟಿನ ರಾಣಿ?" ಎನ್ನುತ್ತಾ ಒಳಗೆ ಹೋದಳು. ಮಗುವಿನ ಕಾಲ್ಬೆರಳು ಮುಟ್ಟಿ, ಬಣ್ಣ ನೋಡಿ, "ಅಲ್ಲಾಡಿಸು ನೋಡೋಣ, ಹಾಂ, ಜಾಣೆ," ಎಂದಳು. "ಹೇಗೆ ಬಿದ್ದೆ ಪುಟ್ಟಿ?"

"ನಾನು ಬಿದ್ದಿಲ್ಲ. ಮಂಚ ಹೊಡೀತು."

ತಾಯಿ ತಲೆ ತಗ್ಗಿಸಿದಳು. ನರ್ಸ್ ಮಾತ್ರ ನಗಲಿಲ್ಲ. ಎದ್ದು ಅಡುಗೆಮನೆಯ ಬಾಗಿಲಿಂದ ಹಿತ್ತಲಿಗೆ ಇಣುಕಿದಳು. ಜಿಗಿಮಂಚ ನೋಡಿದಳು, ಸುತ್ತ ಹಾಸಿದ ಹಾಸಿಗೆ ನೋಡಿದಳು, ತಲೆಯ ಮೇಲೇ ಹಾದುಹೋದ ಬಟ್ಟೆ ಒಣಹಾಕುವ ತಂತಿ ನೋಡಿದಳು.

"ಅಕ್ಕ, ಇದನ್ನ ಡಾಕ್ಟರಿಗೆ ಯಾಕೆ ಹೇಳಲಿಲ್ಲ?"

"ಹೆದರಿಕೆ ಆಯ್ತು ಸಿಸ್ಟರ್."

"ಹೆದರಬಾರದು. ಹೇಗಾಯ್ತು ಅಂತ ಗೊತ್ತಾದ್ರೆ ತಾನೇ ಏನು ನೋಡಬೇಕು ಅಂತ ಅವರಿಗೆ ಗೊತ್ತಾಗೋದು. ಮುಂದಿನ ಸಲ ಕರ್ಕೊಂಡು ಬಂದಾಗ ಇದ್ದದ್ದನ್ನ ಇದ್ದ ಹಾಗೆ ಹೇಳಿ." ಆಮೇಲೆ ಹಾಸಿಗೆಯವನ ಕಡೆ ತಿರುಗಿದಳು. "ಅಣ್ಣ, ಆವತ್ತು ಅದರ ಮೇಲೆ ಎಷ್ಟು ಜನ ಇದ್ರಿ?"

"ಇಬ್ರೇ. ಇವಳು, ಅವಳು."

"ನೀವು?"

"ನಾನೂ ಇದ್ದೆ. ಆದ್ರೆ ನಾನು ದೂರ, ಅಂಚಲ್ಲಿ."

"ಅಂದ್ರೆ ಮೂವರು."

ಹಾಸಿಗೆಯವ ತಲೆ ಕೆರೆದುಕೊಂಡ. ಮಕ್ಕಳ ಲೆಕ್ಕದಲ್ಲಿ ತನ್ನನ್ನು ಸೇರಿಸಿಕೊಳ್ಳಬೇಕು ಎಂದು ಅವನಿಗೆ ಹೊಳೆದೇ ಇರಲಿಲ್ಲ. "ನಾನು ಅವಳನ್ನ ಮುಟ್ಟೇ ಇಲ್ಲ ಸಿಸ್ಟರ್. ಇಷ್ಟು ದೂರ ಇದ್ದೆ."

"ಮುಟ್ಟಬೇಕಾಗಿಲ್ಲ ಅಣ್ಣ. ಗವಸಿನ ಬಟ್ಟೆ ಒಂದು ತುಂಡು ಕೊಡಿ."

ಗಂಡ ಒಂದು ತುದಿ, ಹೆಂಡತಿ ಇನ್ನೊಂದು ತುದಿ ಹಿಡಿದು ಬಟ್ಟೆಯನ್ನು ಬಿಗಿಯಾಗಿ ಎಳೆದರು. ನರ್ಸ್ ಮೇಜಿನ ಮೇಲಿಂದ ಒಂದು ಗುಂಡಿ ಎತ್ತಿ ಬಟ್ಟೆಯ ಮೇಲೆ ಬಿಟ್ಟಳು. ಗುಂಡಿ ಚೂರೇ ಚೂರು ಪುಟಿದು ಸುಮ್ಮನಾಯಿತು. "ಇದು ಪುಟ್ಟಿ ಒಬ್ಬಳೇ ಇದ್ದಾಗ," ಎಂದಳು. ಆಮೇಲೆ ದಾರದ ದೊಡ್ಡ ಉಂಡೆ ತೆಗೆದು, ಗುಂಡಿಯಿಂದ ದೂರಕ್ಕೆ, ಅಂಚಿನಲ್ಲೇ ದೊಪ್ಪನೆ ಹಾಕಿದಳು.

ಗುಂಡಿ ಕಾಣಿಸಲಿಲ್ಲ. ಟಣ್ ಎಂದು ಫ್ಯಾನಿನ ರೆಕ್ಕೆಗೆ ಬಡಿದು ಮೂಟೆಗಳ ಸಂದಿಗೆ ಬಿತ್ತು.

"ಅಯ್ಯೋ!" ಎಂದಳು ಹೆಂಡತಿ.

"ಉಂಡೆ ಗುಂಡೀನ ಮುಟ್ಟಿತಾ ಅಣ್ಣ?"

"ಇಲ್ಲ," ಎಂದ ಹಾಸಿಗೆಯವ. ಅವನ ಕಣ್ಣು ಇನ್ನೂ ಫ್ಯಾನಿನ ಮೇಲೇ ಇತ್ತು. "ಆದ್ರೆ ಸಿಸ್ಟರ್, ಹಾಸಿಗೆ ಮೇಲೆ ನಾವು ಮೂವರೂ ಎಷ್ಟು ಸಲ ಕುಣಿದಿದ್ದೀವಿ. ಆಗೆಲ್ಲ ಏನೂ ಆಗಿಲ್ಲ. ಇದೂ ಮೆತ್ತಗೇ ಇದೆಯಲ್ಲ?"

"ಹಾಸಿಗೆ ಭಾರಾನ ನುಂಗಿಬಿಡುತ್ತೆ ಅಣ್ಣ. ಇದು ನುಂಗಲ್ಲ, ವಾಪಸ್ ಕೊಡುತ್ತೆ. ನೀವು ಧೊಪ್ಪಂತ ಇಳಿದಾಗ ಬಟ್ಟೆ ಕೆಳಗೆ ಹೋಗಿ, ನಿಮ್ಮ ಭಾರ ಎಲ್ಲಾ ತಗೊಂಡು ಮೇಲೆ ಬರುತ್ತೆ. ಅದೇ ಹೊತ್ತಿಗೆ ಪುಟ್ಟಿ ಮೇಲಿಂದ ಕೆಳಗೆ ಬರ್ತಾ ಇದ್ಲು. ಎದುರುಬದುರು ಡಿಕ್ಕಿ. ಆ ಹೊತ್ತಲ್ಲಿ ಅದು ಬಟ್ಟೆ ಅಲ್ಲ, ಕಲ್ಲು ಚಪ್ಪಡಿ. ಯಾರು ಎಲ್ಲರಿಗಿಂತ ಹಗುರವೋ ಅವರ ಮೂಳೆಗೇ ಪೆಟ್ಟು. ಮಂಚ ಹೊಡೀತು ಅಂತ ಮಗು ಸರಿಯಾಗೇ ಹೇಳಿದೆ. ನಾವು ಕೇಳಿಸಿಕೊಳ್ಳಲಿಲ್ಲ, ಅಷ್ಟೇ."

ಹಾಸಿಗೆಯವ ಬಟ್ಟೆಯ ತುದಿಯನ್ನು ಬಿಡುವುದನ್ನೂ ಮರೆತು ನಿಂತಿದ್ದ. ಅವನ ಮನಸ್ಸಿನಲ್ಲಿ ಆ ಸಂಜೆಯ ಸದ್ದುಗಳು ಮತ್ತೆ ಕೇಳಿಸುತ್ತಿದ್ದವು: ತನ್ನ ಕಾಲಿನ ಧೊಪ್ಪೆಂಬ ಸದ್ದು, ಸ್ಪ್ರಿಂಗಿನ ಕಿರ್ರೆಂಬ ಸದ್ದು, ಅದರ ಬೆನ್ನಿಗೇ ಚಿಕ್ಕವಳು ಕಿರುಚಿದ ದನಿ. ಮೂರೂ ಒಂದೇ ಸಾಲಿನಲ್ಲಿದ್ದವು. ಅವನು ಅವನ್ನು ಜೋಡಿಸಿ ಕೇಳಿರಲಿಲ್ಲ.

ಬಟ್ಟೆ ಕೆಳಗಿಟ್ಟು ಮೇಜಿನ ಮುಂದೆ ಮಂಡಿಯೂರಿದ. ಕೆಳಗೆ ದೊಡ್ಡವಳು ಮೊಣಕಾಲಿಗೆ ಗಲ್ಲ ಊರಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

"ನೀನು ತಳ್ಳಿಲ್ಲ," ಎಂದ.

"ನಾನು ಹೇಳಿದ್ನಲ್ಲಪ್ಪ."

"ಹೇಳಿದ್ದೆ ಕಣಮ್ಮ. ನಾನೇ ನಂಬಲಿಲ್ಲ."

"ಹಾಗಾದ್ರೆ ಯಾರು?"

ಅವನು ಅವಳ ಕಡೆ ಕೈ ಚಾಚಿದ. "ನಾನು."

ಹುಡುಗಿ ಅಪ್ಪನ ಮುಖವನ್ನೇ ನೋಡಿದಳು. ಆಮೇಲೆ ಮೇಜಿನ ಕೆಳಗಿಂದ ಹೊರಬಂದು ತಂಗಿಯ ಕೋಣೆಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ, "ಲೇ, ನಿನ್ನ ಪ್ಲಾಸ್ಟರ್ ಮೇಲೆ ಬೆಕ್ಕು ಬರೀಲಾ, ಇಲಿ ಬರೀಲಾ?" ಎಂಬ ದನಿ ಕೇಳಿಸಿತು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ದೇವರು ದೊಡ್ಡವನು.

ಹಾಸಿಗೆಯವ ಎದ್ದವನೇ, "ಅದನ್ನ ಇವತ್ತೇ ಕಿತ್ತು ಗುಜರಿಗೆ ಹಾಕ್ತೀನಿ," ಎಂದ.

"ಹಾಕಿದ್ರೂ ನಷ್ಟವಿಲ್ಲ," ಎಂದಳು ನರ್ಸ್. "ಇಟ್ಕೊಂಡ್ರೆ ಮಾತ್ರ ಒಂದು ಮಾತು ತಲೇಲಿ ಇರಲಿ. ಅದರ ಮೇಲೆ ಒಂದು ಸಲಕ್ಕೆ ಒಬ್ಬರೇ. ಅಕ್ಕ ತಂಗಿ ಅಂತಿಲ್ಲ, ಅಪ್ಪ ಮಗಳು ಅಂತಿಲ್ಲ, ಒಬ್ಬರೇ. ನಮ್ಮ ಕೋಣೆಗೆ ಬರೋ ಇಂಥ ಮಕ್ಕಳಲ್ಲಿ ಸುಮಾರು ಜನ ಜೊತೇಲಿ ಕುಣಿದವರೇ."

"ಚಿಕ್ಕವಳು ಗುಣ ಆದ ಮೇಲೆ?"

"ಆರು ತುಂಬೋವರೆಗೆ ಹತ್ತಿಸಲೇಬೇಡಿ. ಮೂಳೆ ಇನ್ನೂ ಎಳೆಯದು."

"ಅವಳು ಸುಮ್ಮನಿರ್ತಾಳಾ ಸಿಸ್ಟರ್? ಮನೆ ತಲೆಕೆಳಗೆ ಮಾಡ್ತಾಳೆ."

"ಮಾಡಲಿ ಅಕ್ಕ. ಮನೆ ತಲೆಕೆಳಗಾದ್ರೆ ಗುಡಿಸಬಹುದು. ಹಾಂ, ತಲೆಕೆಳಗು ಅಂದಾಗ ನೆನಪಾಯ್ತು, ದೊಡ್ಡವಳು ಪಲ್ಟಿ ಹೊಡೆಯೋದೂ ಬೇಡ. ಕಾಲಿನ ಮೂಳೆ ನಾವು ಕೂಡಿಸ್ತೀವಿ. ಕುತ್ತಿಗೆಗೆ ಪೆಟ್ಟಾದ್ರೆ ಸರಿಮಾಡ್ತೀವಿ ಅಂತ ಮಾತು ಕೊಡೋಕಾಗಲ್ಲ."

ಹಾಸಿಗೆಯವನಿಗೆ ಇನ್ನೂ ಒಂದು ಅನುಮಾನ ಉಳಿದಿತ್ತು. ಹಿತ್ತಲಿಗೆ ಕರೆದೊಯ್ದು ತೋರಿಸಿದ. "ಈ ಹಾಸಿಗೆಗಳು? ಇವೂ ದಂಡಾನಾ?"

"ಮೇಲಿಂದ ಹಾರಿ ಬಂದು ಬೀಳೋ ಮಗು ಹಾಸಿಗೆ ಮೇಲೇ ಬೀಳುತ್ತೆ ಅಂತ ಯಾರು ಹೇಳಿದ್ರು? ಬಿದ್ದರೂ ಕೈಯೂರಿ ಬಿದ್ದರೆ ಮಣಿಕಟ್ಟು ಹೋಯ್ತು. ಬೀಳದ ಹಾಗೆ ತಡೆಯೋದು ಬಲೆ. ಎಲ್ಲಿದೆ ಅದು?"

"ಅಟ್ಟದಲ್ಲಿ," ಎಂದ ಹಾಸಿಗೆಯವ, ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗನಂತೆ.

ಪಾಪ, ಅವನು ಹೊಲಿದ ಪಟ್ಟಿಯನ್ನು ಮಾತ್ರ ನರ್ಸ್ ಒತ್ತಿ ಒತ್ತಿ ನೋಡಿ, ಸ್ಪ್ರಿಂಗೊಂದೂ ಕೈಗೆ ಸಿಗದ್ದನ್ನು ಕಂಡು, "ಇದು ಚೆನ್ನಾಗಿದೆ ಅಣ್ಣ. ಇಷ್ಟು ಒಳ್ಳೇದು ಅಂಗಡೀಲೂ ಸಿಗಲ್ಲ," ಎಂದಳು. ಅಷ್ಟು ಮಾತು ಅವನಿಗೆ ಬೇಕಿತ್ತು.

ಆ ವಾರ ಹಿತ್ತಲಿನಲ್ಲಿ ಗಂಡ ಹೆಂಡತಿ ಸೇರಿ ಜಿಗಿಮಂಚವನ್ನು ಗೋಡೆಯಿಂದ ದೂರಕ್ಕೆ, ಸಮತಟ್ಟಾದ ಜಾಗಕ್ಕೆ ಎಳೆದರು. ಬಟ್ಟೆ ಒಣಹಾಕುವ ತಂತಿ ಬೇರೆ ಕಡೆಗೆ ಹೋಯಿತು. ಕಂಬ ನಿಂತವು, ಬಲೆ ಏರಿತು; ಬಲೆಗೆ ಜಿಪ್ ಬಾಗಿಲು, ಹತ್ತಿದ ಮೇಲೆ ಮುಚ್ಚಲೇಬೇಕು. ಹತ್ತುವ ಏಣಿ ಅಡುಗೆಮನೆಗೆ ಬಂತು. ದೊಡ್ಡವರು ಯಾರಾದರೂ ಪಕ್ಕದಲ್ಲಿ ನಿಂತು ನೋಡುವ ಬಿಡುವಿದ್ದರೆ ಮಾತ್ರ ಅದು ಹೊರಗೆ ಹೋಗುವುದು. ನಿಂತು ನೋಡುವುದು ಎಂದರೆ ನೋಡುವುದೇ. ಫೋನು ನೋಡುವುದಲ್ಲ, ಸೊಪ್ಪು ಬಿಡಿಸುವುದಲ್ಲ. ಹೊಸ ಹಾಸಿಗೆಯ ಪರೀಕ್ಷೆ ಮಾತ್ರ ಮೊದಲಿನಂತೆ ಅಂಗಡಿಯಲ್ಲಿ ನಡೆಯಿತು, ಪ್ಲಾಸ್ಟರ್ ಕಾಲಿನವಳು ಮೂಟೆಯ ಮೇಲೆ ಕುಳಿತು, "ಅಲ್ಲಿ ಪೊಳ್ಳು! ಅಲ್ಲಿ ಗಂಟು!" ಎಂದು ಸುಮ್ಮಸುಮ್ಮನೆ ಕೂಗುತ್ತಿದ್ದಳು.

ಇದನ್ನು ಓದುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ಮೊಮ್ಮಕ್ಕಳ ಕೈ ಹಿಡಿದ ಅಜ್ಜ ಅಜ್ಜಿಯರೇ, ನಿಮ್ಮ ಮನೆಯಲ್ಲಿ ಟ್ರ್ಯಾಂಪೊಲಿನ್ ಇಲ್ಲದಿರಬಹುದು. ನೆಂಟರ ಮನೆಯಲ್ಲಿರುತ್ತದೆ, ಉದ್ಯಾನದಲ್ಲಿರುತ್ತದೆ, ಹುಟ್ಟುಹಬ್ಬದ ಮನೆಯಲ್ಲಿರುತ್ತದೆ. ಮಕ್ಕಳು ಗುಂಪಾಗಿ ಹತ್ತಿ ಕುಣಿಯುವುದು ನೋಡಲು ಚೆಂದ. ಅಲ್ಲೇ ಅಪಾಯ ಇರುವುದು. ಒಬ್ಬರನ್ನು ಉಳಿಸಿ ಉಳಿದವರನ್ನು ಇಳಿಸಿ. ಆರು ತುಂಬದ ಮಗುವನ್ನು ಹತ್ತಿಸಬೇಡಿ, ನೀವೂ ಹತ್ತಬೇಡಿ. ಮಗು ಬಿದ್ದಿಲ್ಲವಾದರೂ ಕಾಲೂರದಿದ್ದರೆ ತಿಕ್ಕಬೇಡಿ, ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ದು ನಡೆದದ್ದನ್ನು ಹಾಗೇ ಹೇಳಿ. ಮತ್ತು ಮಗು ತನ್ನ ಮಾತಿನಲ್ಲಿ ಏನು ಹೇಳುತ್ತದೋ ಅದನ್ನು ಕಿವಿಗೊಟ್ಟು ಕೇಳಿ. ಇದೆಲ್ಲ ಕಷ್ಟದ ಕೆಲಸವಲ್ಲ. ಕಷ್ಟವಾಗುವುದು ನಮ್ಮವರೇ ಪ್ರೀತಿಯಿಂದ ಬಂದು, ಒಂದು ಸಲ ಮಾತ್ರ ಎಂದು ಕೇಳಿದಾಗ.

ಹಾಸಿಗೆಯವನ ಮನೆಗೂ ಆ ಗಳಿಗೆ ಬಂತು. ಚಿಕ್ಕವಳ ಪ್ಲಾಸ್ಟರ್ ಬಿಚ್ಚಿ, ಅವಳು ಮತ್ತೆ ಓಡಾಡತೊಡಗಿದ ಮೇಲೆ ಒಂದು ರಜೆಯ ದಿನ ಬೇಕರಿ ಮಾವ ಬಂದ. ಕೈಯಲ್ಲಿ ಬಿಸ್ಕತ್ತಿನ ಡಬ್ಬ, ಬಾಯಿತುಂಬ ನಗು. ಹಿತ್ತಲಿನಲ್ಲಿ ದೊಡ್ಡವಳು ಬಲೆಯೊಳಗೆ ಒಬ್ಬಳೇ ಜಿಗಿಯುತ್ತಿದ್ದಳು, ಅಪ್ಪ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಮಾವ ಬೂಟು ಬಿಚ್ಚಿ ಚಿಕ್ಕವಳನ್ನು ಎತ್ತಿಕೊಂಡ.

"ಬಾರೇ ರಾಣಿ. ನಾನು ಕೊಡಿಸಿದ ಮಂಚದ ಮೇಲೆ ನೀನೇ ಕುಣಿಯದಿದ್ರೆ ಹೇಗೆ? ಎತ್ಕೊಂಡು ಎರಡೇ ಎರಡು ಸಲ. ಎತ್ಕೊಂಡೇ ಇರ್ತೀನಲ್ಲ, ಏನಾಗುತ್ತೆ?"

"ಹೂಂ ಮಾವ, ಹೂಂ!" ಎಂದು ಚಿಕ್ಕವಳು ಕೈ ತಟ್ಟಿದಳು.

ದೊಡ್ಡವಳು ಜಿಗಿಯುವುದನ್ನು ನಿಲ್ಲಿಸಿ, ಬಲೆಯ ಬಾಗಿಲ ಬಳಿ ಬಂದು ಜಿಪ್ಪನ್ನು ಒಳಗಿನಿಂದ ಹಿಡಿದುಕೊಂಡಳು. "ಬೇಡ ಮಾವ. ಅವಳನ್ನ ಇಳಿಸಿ."

"ಅಬ್ಬಾ, ಇವಳ ಜೋರೇ! ಏನು ಭಾವ, ನಿಮ್ಮ ಮಗಳು ನನಗೇ ಕಾನೂನು ಹೇಳ್ತಾಳೆ?"

ಹೆಂಡತಿಯ ಅಣ್ಣ. ಮನೆಗೆ ಬಂದ ನೆಂಟ. ಮಂಚ ಕೊಟ್ಟವನೇ ಅವನು. ಹಾಸಿಗೆಯವನಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿಯ ಮುಖ ಕಂಡಿತು. ಅದರಲ್ಲಿ ಹೌದು ಅನ್ನಲಿ ಎಂದಿದೆಯೋ ಬೇಡ ಅನ್ನಲಿ ಎಂದಿದೆಯೋ ತಿಳಿಯಲಿಲ್ಲ. ದೊಡ್ಡವಳು ಬಲೆಯ ಹಿಂದಿನಿಂದ ಅಪ್ಪನನ್ನೇ ನೋಡುತ್ತಿದ್ದಳು.

ಅವನು ಹೋಗಿ ಮಾವನ ತೋಳಿನಿಂದ ಚಿಕ್ಕವಳನ್ನು ಇಸಿದುಕೊಂಡ.

"ಅವಳು ಹೇಳಿದ್ದೇ ಮಾತು ಭಾವ. ಒಂದು ಸಲಾನೂ ಇಲ್ಲ. ಹತ್ತಿಸಲ್ಲ."